ತಡವಾಗಿ ಬಂದ ಆಳಿನ ಪಾತ್ರ

ಸ್ನೇಹಿತರೇ, ಇವತ್ತು ಆಲ್ದೂರಿನ ಹತ್ತಿರದ ಎಸ್ಟೇಟೊಂದರಲ್ಲಿ ಹೊಸ ಮೇಸ್ತ್ರಿಗಳಿಗೆ ನಾಯಕತ್ವದ ತರಬೇತಿ ಕೊಡಲು ಹೋಗಿದ್ದೆ. ಕೂಗಾಡದೆ ತಪ್ಪು ತಿದ್ದುವುದು ಹೇಗೆ ಎಂದು ಒಂದು ಗಂಟೆ ಕೊರೆದ ಮೇಲೆ ಅಭಿನಯದ ಆಟವೊಂದನ್ನು ಇಟ್ಟೆ. ತಡವಾಗಿ ಬಂದ ಆಳು ನಾನು, ಮೇಸ್ತ್ರಿ ಗಿರಿಜಕ್ಕ. ಹೋದ ವಾರದವರೆಗೂ ಕಾಫಿ ಹಣ್ಣು ಕೊಯ್ಯುತ್ತಿದ್ದವರು ಅವರು. ಜೊತೆಯ ಹೆಂಗಸರು ಇನ್ನು ತನ್ನ ಮಾತು ಕೇಳುತ್ತಾರೋ ಇಲ್ಲವೋ ಎಂಬ ಭಯ ಅವರಿಗೆ.

ಸೆರಗು ಸರಿಮಾಡಿಕೊಂಡು ಎದ್ದು ನಿಂತರು.

"ಬನ್ನಿ ಸಾರ್. ಮನೇಲಿ ಎಲ್ಲ ಹುಷಾರಾ?"

"ಹುಷಾರು."

"ಒಂಬತ್ತಕ್ಕೆ ಅಂದಿದ್ರಿ, ಬಂದಿದ್ದು ಹತ್ತಕ್ಕೆ. ನಾವು ಹದಿನೆಂಟು ಜನ ಕೆಲಸ ಬಿಟ್ಟು ಕಾಯ್ತಾ ಕೂತಿದ್ವಿ."

ಇದು ಆಟದ ಮಾತಲ್ಲ, ಇವತ್ತು ಬೆಳಿಗ್ಗೆ ನಿಜವಾಗಿ ನಡೆದದ್ದು ಎಂದು ಹೊಳೆಯುವಷ್ಟರಲ್ಲಿ ನನ್ನ ಕಿವಿ ಬಿಸಿಯಾಗಿತ್ತು.

"ತಪ್ಪಾಯ್ತು ಗಿರಿಜಕ್ಕ, ಎಚ್ಚರಾನೇ ಆಗ್ಲಿಲ್ಲ."

"ಇರ್ಲಿ ಬಿಡಿ. ನಾಳೆ ಸರಿಯಾದ ಹೊತ್ತಿಗೆ ಬನ್ನಿ."

ಎಲ್ಲರೂ ಚಪ್ಪಾಳೆ ತಟ್ಟಿದರು. ಕೂರುವ ಮೊದಲು ಗಿರಿಜಕ್ಕ ನನ್ನ ಬೆನ್ನನ್ನೂ ತಟ್ಟಿದರು:

"ನೀವೂ ಚೆನ್ನಾಗಿ ಮಾಡಿದ್ರಿ ಸಾರ್. ನಿಜವಾಗ್ಲೂ ತಪ್ಪು ಮಾಡಿದವ್ರ ಥರಾನೇ ಕಂಡ್ರಿ."