ಧ್ರುವದ ದಾರಿಯಲ್ಲಿ ಒಂದು 'ಖಲಾಸ್'

2024ರ ಅಕ್ಟೋಬರ್‌ನಲ್ಲಿ ನಾನು ದುಬೈಯ ಒಂದು ವಿಮಾನ ಸಂಸ್ಥೆಯ ಫ್ಲೈಟ್ ಡಿಸ್ಪ್ಯಾಚ್ ವಿಭಾಗದಲ್ಲಿ ಶಿಫ್ಟ್ ಮುಖ್ಯಸ್ಥೆಯಾಗಿದ್ದೆ. ಹಾರುವ ವಿಮಾನದ ದಾರಿ, ಇಂಧನ, ಹವಾಮಾನವನ್ನು ನೆಲದಿಂದ ನೋಡಿಕೊಳ್ಳುವ ಕೆಲಸ ನಮ್ಮದು. ಹೊಗಳಿಕೆಯೆಲ್ಲ ಪೈಲಟ್‌ಗಳಿಗೆ. ಆ ಬಗ್ಗೆ ನನಗೆ ಸಣ್ಣದೊಂದು ಸಿಟ್ಟು ಈಗಲೂ ಇದೆ.

ಒಂದು ದಿನ ಬೆಳಗಿನ ಪಾಳಿಯಲ್ಲಿ ಸೌರ ಬಿರುಗಾಳಿಯ ಎಚ್ಚರಿಕೆ ಬಂತು. ಧ್ರುವದ ಕಡೆಯ ಆಕಾಶದಲ್ಲಿ ಹಸಿರು, ಕೆಂಪು ಬೆಳಕು ಕುಣಿಸುವುದು ಇದೇ ಬಿರುಗಾಳಿ. ರೇಡಿಯೊದ ಬಾಯಿ ಮುಚ್ಚಿಸುವುದೂ ಇದೇ. ಧ್ರುವದ ಹತ್ತಿರ ನಮ್ಮ ಉಪಗ್ರಹ ಫೋನ್ ಸಿಗುವುದಿಲ್ಲ, ಎಚ್‌ಎಫ್ ರೇಡಿಯೊ ಒಂದೇ ಗತಿ. ಅದೂ ಹೋದರೆ ವಿಮಾನದಲ್ಲಿ ಏನಾದರೂ ನಮಗೆ ತಿಳಿಯುವುದಿಲ್ಲ.

ಲಾಸ್ ಏಂಜಲೀಸ್‌ನಿಂದ ಹೊರಟ ನಮ್ಮ ವಿಮಾನ ಆಗ ಕೆನಡಾದ ಮೇಲಿತ್ತು. ಅದರಲ್ಲಿ ನನ್ನ ಸಹೋದ್ಯೋಗಿ, ಉಡುಪಿಯ ಸಂಪತ್‌ನ ಹೆಂಡತಿ ವಿನಯಾ ಮತ್ತು ಹಾಲುಗೂಸು. ದಾರಿ ಬದಲಿಸಲು ಪೈಲಟ್‌ಗೆ ಹೇಳುವ ಕೆಲಸವನ್ನು ಸಂಪತ್‌ಗೆ ಒಪ್ಪಿಸಿದೆ. ಅವನು ಗಡಿಬಿಡಿಯಲ್ಲಿ ಫೋನ್ ಎತ್ತಿ, "ಪೋಲಾರ್ ರೂಟ್ ಖಲಾಸ್!" ಎಂದ. ವಿಮಾನದಲ್ಲಿದ್ದ ಸಹಪೈಲಟ್, ಅಬುಧಾಬಿಯ ಅರಬ, "ಖಲಾಸ್, ಶುಕ್ರನ್" ಎಂದು ಫೋನ್ ಇಟ್ಟ.

ನನಗೆ ಆ 'ಶುಕ್ರನ್' ಸರಿ ಕಾಣಲಿಲ್ಲ. ಸುತ್ತು ದಾರಿ ಹಿಡಿ ಎಂದರೆ ಯಾವ ಪೈಲಟ್ ಥ್ಯಾಂಕ್ಸ್ ಹೇಳುತ್ತಾನೆ? ನಮ್ಮೂರಲ್ಲಿ ಖಲಾಸ್ ಎಂದರೆ ಕತೆ ಮುಗಿದಂತೆ. ಇಲ್ಲಿ ಅರಬರ ಬಾಯಲ್ಲಿ ಅದು 'ಆಯ್ತು, ಪಕ್ಕಾ' ಕೂಡ ಹೌದು. ಧ್ರುವದ ದಾರಿಯೇ ಪಕ್ಕಾ ಎಂದುಕೊಂಡನೇ ಅವನು? ಪರದೆಯಲ್ಲಿ ವಿಮಾನ ಉತ್ತರಕ್ಕೇ ಹೋಗುತ್ತಿತ್ತು, ಫೋನ್ ಸಿಗದ ಗಡಿ ಹತ್ತಿರವಾಗುತ್ತಿತ್ತು.

"ಮೇಡಂ, ಅದು ಎಂತಕ್ಕೆ ತಿರುಗುದಿಲ್ಲ?" ಸಂಪತ್‌ನ ಮುಖ ಬಿಳಿಚಿತ್ತು.

ನಾನೇ ಕ್ಯಾಪ್ಟನ್‌ಗೆ ಕರೆ ಮಾಡಿದೆ. "ಪೋಲಾರ್ ರೂಟ್ ಕ್ಯಾನ್ಸಲ್. ದಕ್ಷಿಣದ ದಾರಿ ಹಿಡಿಯಿರಿ. ನಾನು ಹೇಳಿದ್ದನ್ನು ಹಾಗೆಯೇ ತಿರುಗಿ ಹೇಳಿ."

ಅವರು ಒಂದೊಂದು ಪದವನ್ನೂ ತಿರುಗಿ ಹೇಳಿದರು. ಕೆನಡಾದ ವಿಮಾನ ಸಂಚಾರ ಕಂಟ್ರೋಲ್‌ನಿಂದ ಅನುಮತಿ ಪಡೆದು ವಿಮಾನ ತಿರುಗಿತು. ಸಂಪತ್ ಕುರ್ಚಿಯಲ್ಲಿ ಕುಸಿದು ಕೂತ.

ಸಂಜೆ ನಾನೂ ಅವನ ಜೊತೆ ವಿಮಾನ ನಿಲ್ದಾಣಕ್ಕೆ ಹೋದೆ. ವಿನಯಾ ಹೊರಬಂದವಳೇ ಶುರು ಮಾಡಿದಳು. "ಆಕಾಶ ಇಡೀ ಹಸುರು, ಚಂದವೇ ಇತ್ತು. ಆದ್ರೆ ಎಷ್ಟು ಲೇಟ್! ಮಗು ಕೂಗಿ ಕೂಗಿ ಸಾಕಾಯ್ತು. ಯಾರು ಮಾರಾಯ್ರೆ ಈ ಸುತ್ತು ದಾರಿ ಕೊಟ್ಟದ್ದು?"

ಸಂಪತ್ ಕಣ್ಣೊರೆಸಿಕೊಳ್ಳುತ್ತ ನನ್ನ ಕಡೆ ಬೆರಳು ತೋರಿಸಿದ.

ಎರಡರ್ಥದ ಮಾತು ಹರಟೆಗಿರಲಿ, ಕೆಲಸದ ಫೋನಿಗೆ ಬೇಡ ಎಂದು ಅಂದಿನಿಂದ ಹೊಸಬರಿಗೆಲ್ಲ ಕಲಿಸಿದೆ. ವಿನಯಾ ಕಲಿಸಿದ್ದು ಇನ್ನೊಂದು. ಲೇಟಾಯಿತೆಂದು ಬೈಯಬೇಕಾದರೆ ಮೊದಲು ನೆಲ ಮುಟ್ಟಿರಬೇಕು. ಅಂದು ಅವಳ ಬೈಗುಳವನ್ನು ನಾನು ಮನಸಾರೆ ತಿಂದೆ.