ಇದೊಂದು ಮೀನು

ಟಿವಿಗೆ ಜೋಡಿಸಿ ಆಡುವ ಗೇಮ್ ಕನ್ಸೋಲ್ ಮಾರುವ ಆ ಅಂಗಡಿಯಲ್ಲಿ ಅವಳನ್ನು ಎಲ್ಲರೂ ತಕ್ಕಡಿ ಅಕ್ಕ ಎಂದೇ ಕರೆಯುತ್ತಿದ್ದರು. ಗಾಜಿನ ಕೌಂಟರಿನ ಮೇಲೆ ಎರಡು ಕಂಪನಿಗಳ ಎರಡು ಕನ್ಸೋಲ್, ಒಂದು ಕರಿ, ಒಂದು ಬಿಳಿ. ಕರಿಯಣ್ಣ, ಬಿಳಿಯಣ್ಣ ಎಂಬುದು ಅವಳೇ ಇಟ್ಟ ಹೆಸರು. ಯಾವುದು ಒಳ್ಳೆಯದು ಎಂದು ಗಿರಾಕಿ ಕೇಳಿದರೆ ಮುಗಿಯಿತು, ಎರಡನ್ನೂ ತೂಗಿ ತೂಗಿ ಹೇಳುವ ಅವಳ ಬಾಯಿಗೆ ಬ್ರೇಕೇ ಇಲ್ಲ.

"ನೋಡಿ ಸರ್, ಬಿಳಿಯಣ್ಣ ಧಾರಾಳಿ. ತಿಂಗಳ ಚಂದಾ ಕಟ್ಟಿದ್ರೆ ರಾಶಿ ಆಟ, ಹೊಸದೂ ಬಂದ ದಿನಾನೇ ಸಿಗುತ್ತೆ. ಕರಿಯಣ್ಣನೂ ಚಂದಾ ತಗೋತಾನೆ, ಕೊಡೋದ್ರಲ್ಲಿ ಸ್ವಲ್ಪ ಜಿಪುಣ. ಆದ್ರೆ ಅವನ ಹತ್ರ ಇರೋ ಕೆಲವು ಆಟ ತಲೆಕೆಳಗಾಗಿ ನಿಂತ್ರೂ ಬೇರೆ ಕಡೆ ಸಿಗಲ್ಲ. ಒಂದು ಮಾತು ನೆನಪಿರ್ಲಿ. ಚಂದಾದಲ್ಲಿ ಬಂದ ಆಟ ನಿಮ್ದಲ್ಲ, ಬಾಡಿಗೆ ಮನೆ ಇದ್ದ ಹಾಗೆ. ಓನರ್ ಖಾಲಿ ಮಾಡಿ ಅಂದ್ರೆ ಮಾಡ್ಬೇಕು."

ಹೀಗೆ ಹೇಳಿ ತಾನೇ ನಗುತ್ತಿದ್ದಳು. ಮನೆಯ ಬಾಗಿಲು ತೆಗೆಯುವ ಹೊತ್ತಿಗೆ ಆ ನಗು ಇರುತ್ತಿರಲಿಲ್ಲ.

ಅವಳ ಗಂಡ ಬಸ್ ಡ್ರೈವರ್. ಕೆಲಸ ಮುಗಿಸಿ ಬಂದರೆ ಅವನಿಗೆ ಕರಿಯಣ್ಣನಲ್ಲಿ ಮಾತ್ರ ಬರುವ, ಚಂದಾದಲ್ಲಿ ಸಿಕ್ಕ ಮೀನು ಹಿಡಿಯುವ ಆಟವೊಂದಿದ್ದರೆ ಸಾಕು. ಊಟಕ್ಕೆ ಕರೆದರೆ ಒಂದೇ ಉತ್ತರ: "ಇರೇ, ಇದೊಂದು ಮೀನು." ಕಳೆದ ವರ್ಷ ಒಂದು ಸಂಜೆಯೂ ಹಾಗೇ ಅಂದ. "ನಿಮ್ಮ ಮೀನಿಗಿಷ್ಟು ಬೆಂಕಿ ಹಾಕ!" ಎಂದು ಗೊಣಗುತ್ತ ಒಳಗೆ ಹೋದಳು. ತಟ್ಟೆ ಹಾಕಿ ಬಂದು ನೋಡಿದರೆ ಮನುಷ್ಯ ಕುರ್ಚಿಯಲ್ಲೇ ಹೋಗಿಬಿಟ್ಟಿದ್ದ. ಹೃದಯಾಘಾತ ಎಂದರು ಡಾಕ್ಟರು.

ಅಂದಿನಿಂದ ಪ್ರತಿ ಸಂಜೆ ಅವಳು ಆ ಆಟ ಹಚ್ಚಿ ಎದುರು ಕೂರುತ್ತಿದ್ದಳು. ಅವನು ನಿಲ್ಲಿಸಿದಲ್ಲಿಂದಲೇ ಅದು ತೆರೆದುಕೊಳ್ಳುತ್ತಿತ್ತು. ಕೆರೆ, ಗುಡಿಸಲು, ಗಾಳ ಹಿಡಿದು ಬೆನ್ನು ಮಾಡಿ ಕೂತ ಮೀನುಗಾರ. ಗಾಳಕ್ಕೆ ಮೀನು ಕಚ್ಚಿದಾಗಲೆಲ್ಲ ಮೇಜಿನ ಮೇಲಿನ, ಕೈಯಲ್ಲಿ ಹಿಡಿದು ಆಡುವ ಕಂಟ್ರೋಲರ್ ಗರ್ರೆಂದು ನಡುಗುತ್ತಿತ್ತು. ಯಾಕೆ ನಡುಗುತ್ತದೆಂದು ಅವಳಿಗೆ ಗೊತ್ತಿಲ್ಲವೇ? ದಿನಾ ಗಿರಾಕಿಗಳಿಗೆ ವಿವರಿಸುವವಳೇ ಅವಳು! ಆದರೂ ಪ್ರತಿ ಸಲ ಯಾರೋ ಕರೆದಂತಾಗುತ್ತಿತ್ತು. ಆಟ ತೆರೆದ ಮೇಲೆ ಅದನ್ನು ಮುಟ್ಟಲು ಮಾತ್ರ ಭಯ. ಒಂದು ಗುಂಡಿ ಒತ್ತಿದರೂ ಆಟ ಮುಂದೆ ಹೋಗುತ್ತದೆ, ಅವನು ಬಿಟ್ಟುಹೋದ ಆ ಗಳಿಗೆ ಅಳಿಸಿಹೋಗುತ್ತದೆ.

ಒಂದು ಬೆಳಿಗ್ಗೆ ಅಂಗಡಿಯ ರಿಪೇರಿಯವನು ಮೊಬೈಲ್ ಹಿಡಿದು ಬಂದ. "ಅಕ್ಕ, ಕರಿಯಣ್ಣನ ಚಂದಾದಿಂದ ನಿಮ್ಮ ಮೀನಿನ ಆಟ ತೆಗೀತಾರಂತೆ. ಇವತ್ತೇ ಕೊನೆ."

"ಬಿಡಿಯಾಗಿ ಕೊಂಡ್ಕೊಂಡ್ರೆ?"

"ಮಾರೋದನ್ನೂ ನಿಲ್ಸಿದಾರೆ ಅಕ್ಕ. ಬಿಳಿಯಣ್ಣನ ಹತ್ರ ಅಂತೂ ಅದು ಯಾವತ್ತೂ ಇರ್ಲಿಲ್ಲ."

ಆ ದಿನ ಯಾವುದು ತಗೊಳ್ಳಲಿ ಎಂದು ಕೇಳಿದ ಗಿರಾಕಿಗೆ "ಎರಡೂ ಒಂದೇ, ಯಾವ್ದಾದ್ರೂ ತಗೊಳ್ಳಿ" ಎಂದುಬಿಟ್ಟಳು. ರಿಪೇರಿಯವನು ಕೆಲಸ ಬಿಟ್ಟು ಅವಳ ಮುಖ ನೋಡಿದ.

ಸಂಜೆ ಟಿವಿಯ ಮುಂದೆ ಕೂತು ಮೀನುಗಾರನ ಆ ಬೆನ್ನಿಗೆ ಹೇಳಿದಳು: "ಖಾಲಿ ಮಾಡಿಸ್ತಾರಂತೆ ರೀ."

ಕಂಟ್ರೋಲರ್ ನಡುಗಿತು. ಈ ಸಲ ಎತ್ತಿಕೊಂಡಳು. ಮೀನು ಜಗ್ಗಾಡಿತು, ಅಳು ಉಕ್ಕಿ ಬಂತು. ಗುಂಡಿ ಬಿಡಲಿಲ್ಲ. ಕೊನೆಗೆ ಮೇಲೆ ಬಂದದ್ದು ಬೆರಳುದ್ದದ ಮೀನು.

"ಅಯ್ಯೋ ನಿಮ್ಮ! ಇದಕ್ಕಾ ಇಷ್ಟು ದಿನ ಕೂತಿದ್ರಿ?" ಅಳುವಿನ ನಡುವೆಯೇ ನಗು ಬಂತು.

ಗಾಳ ಕೆಳಗಿಡಿಸಿ ಅವನನ್ನು ಎಬ್ಬಿಸಿದಳು, ಮೆಲ್ಲಗೆ ಗುಡಿಸಲಿನವರೆಗೆ ನಡೆಸಿದಳು. ಬಾಗಿಲು ಮುಚ್ಚಿತು, ಕಿಟಕಿಯ ದೀಪ ಆರಿತು. ಅವಳೂ ಕನ್ಸೋಲ್, ಟಿವಿ ಎರಡನ್ನೂ ಆರಿಸಿ ಅಡುಗೆಮನೆಗೆ ಹೋದಳು.

ತಟ್ಟೆ ಹಾಕುತ್ತಿರುವಾಗ ಹಿಂದೆ ಮೇಜಿನ ಮೇಲೆ ಕಂಟ್ರೋಲರ್ ಗರ್ರೆಂದಿತು.

"ಬನ್ನಿ ಊಟಕ್ಕೆ. ಮೀನು ಸಿಕ್ಕಾಯ್ತಲ್ಲ," ಎಂದಳು, ತಿರುಗಿ ನೋಡದೆ.