ಕೋಮಲ ಎಡಗಾಲು ಮುಂದಿಟ್ಟಿದ್ದು

ನಮ್ಮ ಹೊನ್ನೂರಿನಲ್ಲಿ ಹಿಮ ಎಂದರೆ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಬೆಳೆಯುವ ಬೆಳೆ. ಅದನ್ನು ತಿಂಗಳಿಗೊಮ್ಮೆ ಸೌಟಿನ ಹಿಡಿಯಿಂದ ಕೆತ್ತಿ ತೆಗೆಯುವುದು ನನ್ನ ಕೆಲಸ. ಕೆತ್ತುವಾಗ ಏಳು ಸಲ ಸೀನುತ್ತೇನೆ. ಇಂಥ ಊರಿನಿಂದ, ಇಂಥ ದೊಡ್ಡಪ್ಪನಿರುವ ಮನೆಯಿಂದ, ಕೋಮಲ ಕಾಶ್ಮೀರಕ್ಕೆ ಹೋಗಿ ಸ್ನೋಬೋರ್ಡಿಂಗ್, ಅಂದರೆ ಹಲಗೆಯ ಮೇಲೆ ನಿಂತು ಹಿಮದಲ್ಲಿ ಜಾರುವುದನ್ನು, ಕಲಿಯಲು ಆಯ್ಕೆಯಾದಳು.

ಕೋಮಲ ನನ್ನ ತಮ್ಮ ಪರಮೇಶನ ಮಗಳು. ಹತ್ತೊಂಬತ್ತು ವರ್ಷ, ಯಳಂದೂರಿನ ಕಾಲೇಜಿನಲ್ಲಿ ಓದು. ಮಾತು ಕಡಿಮೆ. ತೆಂಗಿನಕಾಯಿ ಸುಲಿಯುವುದರಲ್ಲಿ ಅವಳು ನನ್ನನ್ನು ಸೋಲಿಸಿ ಐದು ವರ್ಷವಾಯಿತು. ಆ ವಿಷಯವನ್ನೂ ಅವಳು ಯಾರಿಗೂ ಹೇಳಿಲ್ಲ, ನಾನೇ ಹೇಳಿಕೊಂಡು ತಿರುಗುತ್ತೇನೆ. ಕಾಲೇಜಿನ ಎನ್‌ಸಿಸಿಯಲ್ಲಿ ಬೆಟ್ಟ ಹತ್ತಿ, ಓಡಿ, ಹಗ್ಗ ಹಿಡಿದು ಇಳಿದು ಗೆದ್ದವಳಿಗೆ ಈ ಐದು ದಿನದ ಶಿಬಿರ ಸಿಕ್ಕಿತ್ತು.

"ಐಸ್ ಕ್ಯಾಂಡಿ ಬುಟ್ರೆ ಬೇರೆ ಐಸ್ ಕಂಡವಳಲ್ಲ, ಅಲ್ಲೋಗಿ ಏನ್ ಕಿಸಿತೀಯವ್ವಾ?" ಎಂದು ಪರಮೇಶ ನಕ್ಕ.

"ನಿಂತ್ಕತೀನಿ" ಅಂದಳು ಕೋಮಲ.

ನಿಲ್ಲುವುದೇ ಅಲ್ಲಿ ದೊಡ್ಡ ವಿಷಯ. ಎರಡನೇ ದಿನದ ಸಂಜೆಯೊಳಗೆ ಹಲಗೆಯ ಮೇಲೆ ನಿಂತು ಜಾರಲು ಬಾರದವರನ್ನು ಕೂತು ಜಾರುವ ಗುಂಪಿಗೆ ಹಾಕುತ್ತಾರಂತೆ, ಮಕ್ಕಳ ಜೊತೆ. ಹಲಗೆಯನ್ನೂ ಬೂಟನ್ನೂ ಅವರೇ ಕೊಡುತ್ತಾರೆ. ಅಳತೆಯ ವಿವರವನ್ನು ಮಾತ್ರ ನಾವು ಫೋನಿನ ಫಾರಂನಲ್ಲಿ ತುಂಬಿ ಶನಿವಾರ ಸಂಜೆ ಐದರೊಳಗೆ ಕಳಿಸಬೇಕು. ಆಮೇಲೆ ಬದಲಾಯಿಸುವಂತಿಲ್ಲ. ಕೈಗವಸು, ಕನ್ನಡಕ, ನೀರು ಹಿಡಿಯದ ಪ್ಯಾಂಟು ನಮ್ಮದೇ.

ಶನಿವಾರ ಬೆಳಿಗ್ಗೆ ಅವಳನ್ನು ಕೊಳ್ಳೇಗಾಲಕ್ಕೆ ಕರೆದುಕೊಂಡು ಹೋದವನು ನಾನು. ಹಿಂದಿನ ಎರಡು ದಿನ ಫೋನಿನಲ್ಲಿ ಹನ್ನೊಂದು ವಿಡಿಯೊ ನೋಡಿದ್ದೆನಾದ್ದರಿಂದ ನಮ್ಮ ತಾಲ್ಲೂಕಿಗೆ ಹಿಮದ ತಜ್ಞ ನಾನೊಬ್ಬನೇ ಆಗಿದ್ದೆ. ಹೆಲ್ಮೆಟ್, ರೈನ್‌ಕೋಟು ಮಾರುವ ಪುಟ್ಟಬಸಪ್ಪ ನಮ್ಮ ಬೇಡಿಕೆ ಕೇಳಿ ಕದಲಲಿಲ್ಲ.

"ಮಂಜಿಗೆ ಅಂತ ಬ್ಯಾರೆ ಮಾಲ್ ಇಲ್ಲ ಸಾ. ಚಳೀಲಿ ಬೈಕ್ ತಕಂಡು ಬೆಟ್ಟಕ್ಕೋಗೋರು ಇದ್ನೇ ಒಯ್ಯದು" ಎಂದು ಕೈಗವಸುಗಳನ್ನು ಸುರಿದ.

"ಬೆಳೆಯೋ ಮಗು. ಎರಡು ಸೈಜ್ ದೊಡ್ಡದೇ ಕೊಡಿ" ಎಂದೆ.

ಇದು ನಮ್ಮ ಮನೆತನದ ಪದ್ಧತಿ. ನಮ್ಮಲ್ಲಿ ಯಾರ ಹೊಸ ಬಟ್ಟೆಯೂ ಕೊಂಡ ವರ್ಷ ಹೊಂದಿದ್ದಿಲ್ಲ. ನಾನು ಮದುವೆಗೆ ಹಾಕಿಕೊಂಡ ಶೂಗಳಲ್ಲಿ ಒಂದೊಂದು ದಿನಪತ್ರಿಕೆ ಇತ್ತು. ಐವತ್ತೆರಡಾದರೂ ನನ್ನ ಪಾದ ಆ ಶೂ ತುಂಬುವಷ್ಟು ಬೆಳೆದಿಲ್ಲ.

"ಕೈ ಇನ್ನೂ ಬೆಳೀತವಾ ದೊಡ್ಡಪ್ಪ?" ಎಂದು ಕೇಳಿ ಕೋಮಲ ತಾನೇ ಆರಿಸತೊಡಗಿದಳು. ಕೈಗವಸು ತೊಟ್ಟು ಹೆಲ್ಮೆಟ್ಟಿನ ಪಟ್ಟಿ ಬಿಚ್ಚಿ ಹಾಕಿದಳು, ಬಾಗಿಲ ಕೀಲಿಯನ್ನು ನೆಲದಿಂದ ಎತ್ತಿದಳು. ಮೂರು ಜೊತೆ ಕಳೆದು ನಾಲ್ಕನೆಯದು ಪಾಸಾಯಿತು. ಕನ್ನಡಕ ಹಾಕಿಕೊಂಡು ಉಸ್ ಎಂದು ಉಸಿರು ಬಿಟ್ಟು ಮಬ್ಬಾಗುವುದೋ ನೋಡಿದಳು. ಪ್ಯಾಂಟು ತೊಟ್ಟು ಕಳೆ ಕೀಳುವವಳಂತೆ ಕುಕ್ಕರುಗಾಲಿನಲ್ಲಿ ಕೂತು, ಎದ್ದು, ಮಂಡಿ ಹಿಡಿಯುತ್ತದೆಂದು ವಾಪಸ್ ಕೊಟ್ಟಳು. ಹೊಂದಿದ ಪ್ಯಾಂಟಿನ ಮೇಲೆ ಒಂದು ಲೋಟ ನೀರು ಹುಯ್ದಳು. ನೀರು ಪ್ಯಾಂಟಿಗೆ ಹಿಡಿಯಲಿಲ್ಲ, ಪುಟ್ಟಬಸಪ್ಪನ ಕುರ್ಚಿಗೆ ಹಿಡಿಯಿತು.

"ಎಣ್ ನೋಡಾಕ್ ಬಂದೋರೂ ಇಷ್ಟ್ ಪರೀಕ್ಸೆ ಮಾಡಾಕಿಲ್ಲ ಕನವ್ವ" ಎಂದ ಅವನು, ಕುರ್ಚಿ ಒರೆಸುತ್ತ.

ಮನೆಗೆ ಬಂದು ಊಟ ಮಾಡಿ ಫಾರಂ ತೆರೆದಾಗ ಮೂರೂವರೆ. ಎತ್ತರ, ತೂಕ ಆಯಿತು. ಬೂಟಿನ ಸೈಜಿನ ಮುಂದೆ ನಾನು ಎಂಟು ಎಂದು ಒತ್ತಿದ್ದನ್ನು ಅವಳು ಆರು ಮಾಡಿದಳು. ಕೊನೆಯ ಪ್ರಶ್ನೆ: ಹಲಗೆಯ ಮೇಲೆ ನಿಮ್ಮ ಯಾವ ಕಾಲು ಮುಂದಿರುತ್ತದೆ? ಅದರಂತೆ ಬೂಟನ್ನು ಹಲಗೆಗೆ ಕಚ್ಚಿಸುವ ಪಟ್ಟಿಗಳನ್ನು ಬಿಗಿದು ಕೊಡುತ್ತಾರೆ. ತಪ್ಪು ಕಾಲು ಹೇಳಿದರೆ ಐದು ದಿನವೂ ಎಡಗೈಯಲ್ಲಿ ಬರೆದಂತೆ.

ಇದಕ್ಕೆ ನನ್ನ ಏಳನೇ ವಿಡಿಯೊದಲ್ಲಿ ಉಪಾಯವಿತ್ತು. ಹೇಳದೆ ಕೇಳದೆ ಹಿಂದಿನಿಂದ ತಳ್ಳಬೇಕು. ಮೊದಲು ಯಾವ ಕಾಲು ಮುಂದೆ ಬೀಳುತ್ತದೋ ಅದೇ. ಕೋಮಲ ಹಿತ್ತಲಿಗೆ ಹೋಗಲೆಂದು ಬಾಗಿಲ ಹೊಸ್ತಿಲಿಗೆ ಬಂದಾಗ ತಳ್ಳಿದೆ. ಬಲಗಾಲು. ಬೈದುಕೊಂಡು ಒಳಗೆ ಬರುವಾಗ ಮತ್ತೆ ತಳ್ಳಿದೆ. ಬಲಗಾಲೇ. ಖಾತ್ರಿಗಾಗಿ ಪರಮೇಶನನ್ನೂ ಅಲ್ಲೇ ತಳ್ಳಿದೆ. ಅವನದೂ ಬಲಗಾಲು.

"ವಂಶವೇ ಬಲಗಾಲು!" ಎಂದು ಘೋಷಿಸಿ ಫಾರಂನಲ್ಲಿ 'ಬಲ' ಒತ್ತಿದೆ. ಕಳಿಸಲು ಬೆರಳು ಎತ್ತಿದ್ದೆ.

ಮೂಲೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ನಮ್ಮವ್ವ ಚನ್ನಾಜಮ್ಮ ತಲೆಯೆತ್ತಿದಳು. "ಲೇ, ಒಸ್ಲಲ್ಲಿ ತಳ್ಳುದ್ರೆ ಯಾವನ್ಲಾ ಎಡಗಾಲ್ ಇಕ್ಕಾನು? ನಿಮ್ಗೆಲ್ಲ ಬಲಗಾಲೇ ಇಡಿ ಅಂತ ಒಡ್ದೊಡ್ದು ಕಲ್ಸಿರದು ನಾನು. ಅದು ಕಾಲಿನ್ ಬುದ್ದಿಯಲ್ಲ, ನನ್ ಏಟಿನ್ ಬುದ್ದಿ."

ನಾನು ಒತ್ತದೆ ಬೆರಳು ಹಿಂದಕ್ಕೆ ತೆಗೆದೆ.

"ಗದ್ದೇಲಿ ಹಲಗೆ ಮ್ಯಾಲೆ ನಿಂತ್ಕಂಡಾಗ ಯಾವ್ ಕಾಲ್ ಮುಂದ್ಕಿಕ್ತೀಯವ್ವಾ?" ಎಂದು ಕೇಳಿದಳು ಅವ್ವ.

ಕೋಮಲಳಿಗೆ ಗೊತ್ತಿರಲಿಲ್ಲ. ನಡೆಯುವಾಗ ಯಾವ ಕಾಲು ಮೊದಲು ಅಂತ ಯಾರಿಗೆ ಗೊತ್ತಿರುತ್ತದೆ?

ನಮ್ಮಲ್ಲಿ ನಾಟಿಗೆ ಮುಂಚೆ ಕೆಸರುಗದ್ದೆ ಸಮ ಮಾಡಲು ಉಳುವ ಟಿಲ್ಲರಿನ ಹಿಂದೆ ಉದ್ದನೆಯ ಹಲಗೆ ಕಟ್ಟಿ ಎಳೆಸುತ್ತಾರೆ. ಹಲಗೆ ಏಳದಂತೆ ಭಾರಕ್ಕೆ ಒಬ್ಬರು ಮೇಲೆ ನಿಲ್ಲಬೇಕು. ಎಂಟನೇ ವಯಸ್ಸಿನಿಂದ ಆ ಭಾರ ಕೋಮಲಳೇ. ಬೇಸಿಗೆ ಬೆಳೆಗೆ ಕೆಳಗದ್ದೆ ಕೆಸರು ಮಾಡಿಯೇ ಇತ್ತು. ನಾಲ್ಕೂಕಾಲಿಗೆ ಎಲ್ಲರೂ ಅಲ್ಲಿದ್ದೆವು. ಪರಮೇಶ ಟಿಲ್ಲರ್ ಹೊಡೆದ. ಕೋಮಲ ಹಲಗೆ ಹತ್ತಿ, ಅಡ್ಡಕ್ಕೆ ತಿರುಗಿ, ಮಂಡಿ ಬಗ್ಗಿಸಿ ನಿಂತಳು. ಗದ್ದೆಯ ಮೂಲೆಯಲ್ಲಿ ಟಿಲ್ಲರ್ ಸರಕ್ಕನೆ ತಿರುಗಿದಾಗಲೂ ಅವಳು ಮೈ ವಾಲಿಸಿದಳೇ ಹೊರತು ಕಾಲು ಕದಲಿಸಲಿಲ್ಲ.

ಎಡಗಾಲು. ಮೂರು ಸುತ್ತಿನಲ್ಲೂ ಎಡಗಾಲೇ ಮುಂದೆ.

ತಜ್ಞನಾದವನು ಸ್ವತಃ ಪರೀಕ್ಷಿಸಬೇಕಲ್ಲ ಎಂದು ನಾನೂ ಹತ್ತಿದೆ. ನನ್ನ ಯಾವ ಕಾಲು ಮುಂದಿತ್ತೆಂದು ತಿಳಿಯಲಿಲ್ಲ, ಏಕೆಂದರೆ ಮೊದಲು ಮುಂದೆ ಹೋದದ್ದು ಮೂಗು. ಕೆಸರು ಮೆತ್ತಿದ ನನ್ನನ್ನು ಬದುವಿನ ಮೇಲೆ ಬಿಟ್ಟು ಕೋಮಲ ಕೈ ತೊಳೆದು, 'ಬಲ' ಅಳಿಸಿ 'ಎಡ' ಒತ್ತಿ ಕಳಿಸಿದಳು. ಐದಕ್ಕೆ ಹತ್ತು ನಿಮಿಷವಿತ್ತು.

ಫೆಬ್ರವರಿಯಲ್ಲಿ ಹೋದಳು. ಮೊದಲ ದಿನ ಫೋನು ಬಂತು: "ಹದಿನಾಲ್ಕು ಸಲ ಬಿದ್ದೆ ದೊಡ್ಡಪ್ಪ. ಪ್ಯಾಂಟ್ ಚೆನ್ನಾಗದೆ." ಎರಡನೇ ದಿನ ಸಂಜೆಯಾದರೂ ಸುದ್ದಿಯಿಲ್ಲ. ಪರಮೇಶ ನಗುವುದನ್ನು ಬಿಟ್ಟು ಬೆಳಗಿನಿಂದ ಫೋನನ್ನು ಚಾರ್ಜಿಗೆ ಹಾಕಿ ತೆಗೆದು ಮಾಡುತ್ತಿದ್ದ. ದೀಪ ಹಚ್ಚುವ ಹೊತ್ತಿಗೆ ಒಂದು ವಿಡಿಯೊ ಬಂತು. ಬೆಳ್ಳನೆಯ ಇಳಿಜಾರು, ಅದರಲ್ಲಿ ನಮ್ಮ ಪುಟ್ಟಬಸಪ್ಪನ ಪ್ಯಾಂಟು, ಅದರೊಳಗೆ ಕೋಮಲ. ಮಂಡಿ ಬಗ್ಗಿದೆ, ಎಡಗಾಲು ಮುಂದಿದೆ, ನಿಂತಿದ್ದಾಳೆ, ಜಾರುತ್ತಿದ್ದಾಳೆ.

ಅವ್ವ ಫೋನನ್ನು ಕಣ್ಣಿನ ಹತ್ತಿರ ಹಿಡಿದು ಎರಡು ಸಲ ನೋಡಿದಳು.

"ಟಿಲ್ಲರ್ ಎಲ್ಲದೆ? ಯಾರ್ಲಾ ಎಳೀತಿರದು?"

"ಯಾರೂ ಎಳೀತಿಲ್ಲ ಕಣವ್ವ."

"ಅಂಗಾರೆ ಅವಳೇ ಓಯ್ತಾವ್ಳೆ" ಅಂದಳು ಅವ್ವ, ಮೂರನೇ ಸಲ ಹಾಕೆಂದು ಫೋನನ್ನು ನನ್ನ ಕೈಗೆ ಕೊಟ್ಟಳು.